ಡಾರ್ಟ್ಮಂಡಿಗೆ ಹೊರಟ ಹುಡುಗ

ಕೇಳುಗರಿಗೆ ನಮಸ್ಕಾರ.

2017ರ ಅಕ್ಟೋಬರ್ 8, ಭಾನುವಾರ. ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣ. ಹದಿನೇಳು ವರ್ಷದೊಳಗಿನವರ ಫುಟ್ಬಾಲ್ ವಿಶ್ವಕಪ್ ಮೊದಲ ಬಾರಿಗೆ ನಮ್ಮ ದೇಶದಲ್ಲಿ ನಡೆಯುತ್ತಿತ್ತು. ಅಂದು ಇಂಗ್ಲೆಂಡ್ ತಂಡ ಚಿಲಿಯನ್ನು 4–0ರಿಂದ ಸೋಲಿಸಿತು. ನಾಲ್ಕರಲ್ಲಿ ಎರಡು ಗೋಲು ಹೊಡೆದವನು ಜೇಡನ್ ಸ್ಯಾಂಚೊ. ಆ ಪಂದ್ಯವನ್ನು ನಾನು ಟಿವಿಯಲ್ಲಿ ನೋಡಿದೆ. ಗೋಲುಗಳಿಗಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿದದ್ದು ಅವನು ಚೆಂಡನ್ನು ನಿಲ್ಲಿಸುತ್ತಿದ್ದ ರೀತಿ. ಓಡಿಬರುತ್ತಿದ್ದವನು ಎದುರಾಳಿಯ ಮುಂದೆ ತಟ್ಟನೆ ನಿಂತುಬಿಡುತ್ತಿದ್ದ. ಅಂಗಾಲಿನಡಿ ಚೆಂಡು. ಭುಜ ಒಂದಿಷ್ಟು ಎಡಕ್ಕೆ ವಾಲುತ್ತಿತ್ತು. ಎದುರಾಳಿಯ ತೂಕವೆಲ್ಲ ಆ ಕಡೆಯ ಕಾಲಿಗೆ ಬಿದ್ದ ಕ್ಷಣದಲ್ಲೇ ಅವನು ಬಲಕ್ಕೆ ನುಸುಳಿ ಹೋಗಿರುತ್ತಿದ್ದ.

ಆ ವಿಶ್ವಕಪ್ಪನ್ನು ಇಂಗ್ಲೆಂಡ್ ಗೆದ್ದಿತು. ಅದೇ ಕೋಲ್ಕತ್ತದಲ್ಲಿ, ಅಕ್ಟೋಬರ್ 28ರ ಫೈನಲ್‌ನಲ್ಲಿ, ಎರಡು ಗೋಲು ಹಿಂದೆ ಬಿದ್ದರೂ ಸ್ಪೇನನ್ನು 5–2ರಿಂದ ಮಣಿಸಿತು. ಗೆಳೆಯರು ಕಪ್ ಎತ್ತಿದಾಗ ಸ್ಯಾಂಚೊ ಅಲ್ಲಿರಲಿಲ್ಲ. ಗುಂಪು ಹಂತ ಮುಗಿದ ಕೂಡಲೇ ಜರ್ಮನಿಯ ಕ್ಲಬ್ ಬೊರುಸಿಯಾ ಡಾರ್ಟ್ಮಂಡ್ ಅವನನ್ನು ಹಿಂದಕ್ಕೆ ಕರೆಸಿಕೊಂಡಿತ್ತು. ಅಕ್ಟೋಬರ್ 21ರಂದು ಫ್ರಾಂಕ್‌ಫರ್ಟ್‌ನಲ್ಲಿ, ಪಂದ್ಯದ ಕೊನೆಯ ಕೆಲವು ನಿಮಿಷಗಳಿಗೆ ಬದಲಿ ಆಟಗಾರನಾಗಿ ಅವನು ಅಂಗಣಕ್ಕಿಳಿದ. ಜರ್ಮನ್ ಲೀಗ್‌ನಲ್ಲಿ ಡಾರ್ಟ್ಮಂಡ್ ಪರ ಆಡಿದ ಮೊದಲ ಇಂಗ್ಲಿಷ್ ಆಟಗಾರನೆನಿಸಿಕೊಂಡ. ವಯಸ್ಸು 17.

ಸ್ಯಾಂಚೊ ಹುಟ್ಟಿದ್ದು 2000ದ ಮಾರ್ಚ್ 25ರಂದು, ಲಂಡನ್ನಿನಲ್ಲಿ. ತಂದೆತಾಯಿಯ ಮೂಲ ಟ್ರಿನಿಡಾಡ್. ಬೆಳೆದದ್ದು ದಕ್ಷಿಣ ಲಂಡನ್ನಿನ ಕೆನ್ನಿಂಗ್‌ಟನ್ನಿನಲ್ಲಿ. ಆ ಭಾಗದ ವಸತಿ ಸಮುಚ್ಚಯಗಳ ನಡುವೆ ಸುತ್ತ ಕಬ್ಬಿಣದ ಜಾಲರಿ ಹಾಕಿದ ಪುಟ್ಟ ಅಂಗಳಗಳಿರುತ್ತವೆ. ಅಲ್ಲಿಯ ಮಕ್ಕಳು ಅವನ್ನು ಪಂಜರ ಎಂದೇ ಕರೆಯುತ್ತಾರೆ. ನೆಲ ಗಟ್ಟಿ, ಜಾಗ ಕಿರಿದು, ಎದುರಿಗೆ ದೊಡ್ಡ ಹುಡುಗರು. ಓಟದ ವೇಗ ಅಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಓಡಿದರೆ ನಾಲ್ಕು ಹೆಜ್ಜೆಗೆ ಜಾಲರಿ ತಗಲುತ್ತದೆ. ಆದ್ದರಿಂದ ಮಗು ನಿಲ್ಲುವುದನ್ನು, ಕಾಯುವುದನ್ನು, ಭುಜದಿಂದ ಸುಳ್ಳು ಹೇಳುವುದನ್ನು ಕಲಿಯುತ್ತದೆ. ಕೋಲ್ಕತ್ತದಲ್ಲಿ ನಾವು ಕಂಡ ಆಟದ ಬೇರು ಅಲ್ಲಿದೆ ಎಂದು ನನ್ನ ನಂಬಿಕೆ.

ಏಳನೆಯ ವಯಸ್ಸಿಗೆ ವಾಟ್‌ಫರ್ಡ್ ಕ್ಲಬ್ಬಿನ ಶಾಲೆ, 2015ರಲ್ಲಿ ಮ್ಯಾಂಚೆಸ್ಟರ್ ಸಿಟಿ. ಅಷ್ಟು ದೊಡ್ಡ ಕ್ಲಬ್ ಹೊಸ ಒಪ್ಪಂದ ಮುಂದಿಟ್ಟಾಗ ಯಾವ ಮನೆಯವರೂ ಬೇಡ ಎನ್ನಲಾರರು. ಈ ಹುಡುಗ ಬೇಡ ಎಂದ. ಸಿಟಿಯ ಹಿರಿಯರ ತಂಡದಲ್ಲಿ ಅವನ ಜಾಗದಲ್ಲಿ ಸ್ಟರ್ಲಿಂಗ್, ಸಾನೆ, ಬರ್ನಾರ್ಡೊ ಸಿಲ್ವಾ ಸಾಲಾಗಿ ನಿಂತಿದ್ದರು. ಬೆಂಚಿನ ಮೇಲೆ ಕೂತು ದೊಡ್ಡವನಾಗುವುದು ಅವನಿಗೆ ಬೇಕಿರಲಿಲ್ಲ. 2017ರ ಆಗಸ್ಟ್ ಕೊನೆಯ ದಿನ, ಸುಮಾರು 80 ಲಕ್ಷ ಪೌಂಡ್‌ಗಳಿಗೆ ಅವನು ಡಾರ್ಟ್ಮಂಡ್ ಸೇರಿದ. ಆಗಷ್ಟೇ ಬಾರ್ಸಿಲೋನಾಕ್ಕೆ ಹೋಗಿದ್ದ ಡೆಂಬೆಲೆ ತೊಡುತ್ತಿದ್ದ 7ನೇ ಸಂಖ್ಯೆಯ ಅಂಗಿಯನ್ನೇ ಕ್ಲಬ್ ಅವನಿಗೆ ಕೊಟ್ಟಿತು. ಭಾಷೆ ಬಾರದ ಊರು, ಹದಿಹರೆಯದ ಹುಡುಗ, ಬೆನ್ನ ಮೇಲೆ ಆ ಅಂಕಿ. ಆ ಎದೆಗಾರಿಕೆಗೆ ನಾನು ಇಂದಿಗೂ ತಲೆಬಾಗುತ್ತೇನೆ.

ಸ್ಯಾಂಚೊನಂತೆ ಅಂಗಣದ ಅಂಚಿನಲ್ಲಿ ಆಡುವ ದಾಳಿಗಾರ, ಅಂದರೆ ವಿಂಗರ್, ಇಂಗ್ಲೆಂಡಿನಿಂದ ಹೊರನಾಡಿಗೆ ಹೋದದ್ದು ಅದೇ ಮೊದಲಲ್ಲ. 1979ರಲ್ಲಿ ಲಾರಿ ಕನ್ನಿಂಗ್‌ಹ್ಯಾಮ್ ಎಂಬ ಲಂಡನ್ನಿನ ಕಪ್ಪು ಯುವಕ ರಿಯಲ್ ಮ್ಯಾಡ್ರಿಡ್ ಸೇರಿದ. 1980ರ ಫೆಬ್ರವರಿಯಲ್ಲಿ ಬಾರ್ಸಿಲೋನಾದ ನೆಲದಲ್ಲಿ ಅವನಾಡಿದ ಆಟಕ್ಕೆ ಎದುರಾಳಿಯ ಅಭಿಮಾನಿಗಳೇ ಚಪ್ಪಾಳೆ ತಟ್ಟಿದರು. 33ನೇ ವಯಸ್ಸಿಗೆ ಮ್ಯಾಡ್ರಿಡ್‌ನಲ್ಲಿ ಕಾರು ಅಪಘಾತದಲ್ಲಿ ಅವನು ತೀರಿಕೊಂಡ. ಆ ಹೆಸರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.

ಇನ್ನು ಡಾರ್ಟ್ಮಂಡ್. ಜರ್ಮನಿಯ ರೂರ್ ಪ್ರದೇಶದ ನಗರ ಅದು. ಕಲ್ಲಿದ್ದಲು, ಉಕ್ಕು, ಬಿಯರ್‌ಗಳಿಂದ ಬಾಳಿದ ಊರು. ಗಣಿಗಳು ಮುಚ್ಚಿದವು, ಕುಲುಮೆಗಳು ಆರಿದವು, ಫುಟ್ಬಾಲ್ ಉಳಿಯಿತು. ಅಲ್ಲಿಯ ಕ್ರೀಡಾಂಗಣದಲ್ಲಿ 81 ಸಾವಿರಕ್ಕೂ ಹೆಚ್ಚು ಜನ ಸೇರುತ್ತಾರೆ. ದಕ್ಷಿಣದ ಅಟ್ಟಣಿಗೆಯೊಂದರಲ್ಲೇ ಸುಮಾರು 25 ಸಾವಿರ ಮಂದಿ ಹಳದಿ ತೊಟ್ಟು ನಿಂತುಕೊಂಡೇ ಆಟ ನೋಡುತ್ತಾರೆ. ಹಳದಿ ಗೋಡೆ ಎಂದು ಅದಕ್ಕೆ ಹೆಸರು.

ಆ ಊರು ಈ ಹುಡುಗನಿಗೆ ಕೊಟ್ಟದ್ದು ಚೆಂಡನ್ನು ಕಳೆದುಕೊಳ್ಳುವ ಸ್ವಾತಂತ್ರ್ಯವನ್ನು. ವಿಂಗರ್‌ನ ಕೆಲಸವೇ ಅಂಥದ್ದು. ಒಂದು ಪಕ್ಕದಲ್ಲಿ ಬಿಳಿ ಗೆರೆ, ಎದುರಿಗೆ ಕಾವಲಿನವನು. ಹತ್ತು ಸಲ ಮುನ್ನುಗ್ಗಿದರೆ ಆರು ಸಲ ಚೆಂಡು ಹೋಗುತ್ತದೆ. ಉಳಿದ ನಾಲ್ಕರಲ್ಲಿ ಒಂದು ಸಲ ಪಂದ್ಯವೇ ತಿರುಗುತ್ತದೆ. ಕಳೆದುಕೊಂಡ ಆರಕ್ಕೆ ಬೈಗುಳ ಬೀಳುವ ತಂಡದಲ್ಲಿ ವಿಂಗರ್ ಬಹುಬೇಗ ಚೆಂಡನ್ನು ಹಿಂದಕ್ಕೆ ತಳ್ಳುವ ಗುಮಾಸ್ತನಾಗುತ್ತಾನೆ. ಡಾರ್ಟ್ಮಂಡ್ ಬೈಯಲಿಲ್ಲ, ಮತ್ತೆ ಅವನಿಗೇ ಚೆಂಡು ಕೊಟ್ಟಿತು.

2018ರ ಡಿಸೆಂಬರ್ 8ರ ಪಂದ್ಯವನ್ನೇ ನೋಡಿ. ಎದುರಾಳಿ ನೆರೆಯೂರಿನ ಶಾಲ್ಕೆ. ಡಾರ್ಟ್ಮಂಡಿನವರಿಗೆ ವರ್ಷದ ಯಾವ ಪಂದ್ಯ ಸೋತರೂ ಸರಿ, ಶಾಲ್ಕೆಗೆ ಸೋಲಬಾರದು. ಆ ವಾರವೇ ಸ್ಯಾಂಚೊನ ಅಜ್ಜಿ ತೀರಿಕೊಂಡಿದ್ದರು. ಅವನು ಆ ದುಃಖವನ್ನು ಹೊತ್ತುಕೊಂಡೇ ಅಂಗಣಕ್ಕಿಳಿದ. ಪಂದ್ಯ 1–1ರಲ್ಲಿತ್ತು. 74ನೇ ನಿಮಿಷದಲ್ಲಿ ಜೊತೆಗಾರ ಗೆರೇರೊ ಜೊತೆ ಚೆಂಡು ಕೊಟ್ಟು ತೆಗೆದುಕೊಂಡು, ಗೋಲಿನ ಮುಂದಿನ ಪೆನಾಲ್ಟಿ ಪೆಟ್ಟಿಗೆಯೊಳಗೆ ನುಗ್ಗಿ ಗೋಲು ಹೊಡೆದ. ಡಾರ್ಟ್ಮಂಡ್ ಗೆದ್ದಿತು. ಆ ಗೋಲು ಅಜ್ಜಿಗೆ ಸಂದಿತು. ಅವನಿಗಾಗ ಹದಿನೆಂಟು ತುಂಬಿ ಒಂಬತ್ತು ತಿಂಗಳೂ ಆಗಿರಲಿಲ್ಲ.

ಅದಕ್ಕೆ ಎರಡು ತಿಂಗಳ ಮುಂಚೆಯೇ ಇಂಗ್ಲೆಂಡಿನ ಹಿರಿಯರ ತಂಡದ ಅಂಗಿ ಸಿಕ್ಕಿತ್ತು. 2000ದಲ್ಲಿ ಅಥವಾ ಅದರ ನಂತರ ಹುಟ್ಟಿದವರಲ್ಲಿ ಆ ಅಂಗಿ ತೊಟ್ಟ ಮೊದಲಿಗ ಅವನೇ. 2019–20ರ ಲೀಗ್‌ನಲ್ಲಿ 17 ಗೋಲು. 2020ರ ಮೇ 31ರಂದು, ಕೋವಿಡ್‌ನಿಂದ ಪ್ರೇಕ್ಷಕರೇ ಇಲ್ಲದ ಪಾಡರ್ಬಾರ್ನ್ ಕ್ರೀಡಾಂಗಣದಲ್ಲಿ ಮೂರು ಗೋಲು ಹೊಡೆದ. ಮೊದಲ ಗೋಲಾದಾಗ ಅಂಗಿ ತೆಗೆದ. ಒಳಗಿನ ಬನಿಯನ್ನಿನ ಮೇಲೆ, ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಸತ್ತ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್‌ಗೆ ನ್ಯಾಯ ಸಿಗಲಿ ಎಂಬ ಬರಹವಿತ್ತು. ರೆಫರಿ ಹಳದಿ ಚೀಟಿ ತೋರಿಸಿದರು. ಇಪ್ಪತ್ತರ ಆ ಹುಡುಗ ಸರಿಯಾದುದನ್ನೇ ಮಾಡಿದ ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

2021ರ ಮೇ ತಿಂಗಳಲ್ಲಿ ಜರ್ಮನ್ ಕಪ್ ಫೈನಲ್‌ನಲ್ಲಿ ಎರಡು ಗೋಲು ಹೊಡೆದ. ಡಾರ್ಟ್ಮಂಡ್ ಕಪ್ ಗೆದ್ದಿತು. ಒಟ್ಟು 137 ಪಂದ್ಯ, 50 ಗೋಲು. ಆಮೇಲೆ ತವರಿನ ಕರೆ.

ಆ ಜುಲೈ ಅವನಿಗೆ ಕ್ರೂರವಾಗಿತ್ತು. ಯುರೋಪಿನ ದೇಶಗಳ ಯುರೋ ಕಪ್ ಫೈನಲ್, ಲಂಡನ್ನಿನ ವೆಂಬ್ಲಿ ಕ್ರೀಡಾಂಗಣ, ಇಂಗ್ಲೆಂಡಿನ ಎದುರಿಗೆ ಇಟಲಿ. ಪೆನಾಲ್ಟಿಗೆಂದೇ ಕೊನೆಯ ಗಳಿಗೆಯಲ್ಲಿ ಅಂಗಣಕ್ಕೆ ಕಳುಹಿಸಿದರು. ಅವನ ಒದೆಯನ್ನು ಇಟಲಿಯ ಗೋಲ್‌ಕೀಪರ್ ಡೊನ್ನರುಮ್ಮಾ ತಡೆದ. ರ‍್ಯಾಶ್‌ಫರ್ಡ್, ಸಾಕಾ ಕೂಡ ತಪ್ಪಿದರು. ಮೂವರೂ ಕಪ್ಪು ಹುಡುಗರು. ಆ ರಾತ್ರಿ ಅವರ ಮೇಲೆ ಸುರಿದ ಜನಾಂಗೀಯ ನಿಂದನೆಯನ್ನು ಈ ಮೈಕಿನ ಮುಂದೆ ಉಚ್ಚರಿಸಲಾರೆ.

ಅದೇ ತಿಂಗಳು 7.3 ಕೋಟಿ ಪೌಂಡ್‌ಗಳಿಗೆ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ. ಎರಡೂವರೆ ವರ್ಷದಲ್ಲಿ ಬಂದದ್ದು 12 ಗೋಲು. 2023ರ ಸೆಪ್ಟೆಂಬರ್‌ನಲ್ಲಿ, ಅಭ್ಯಾಸದಲ್ಲಿ ಮಟ್ಟ ಸಾಲದೆಂದು ತರಬೇತುದಾರ ಟೆನ್ ಹ್ಯಾಗ್ ಹೇಳಿದಾಗ, ತನ್ನನ್ನು ಬಲಿಪಶು ಮಾಡಲಾಗುತ್ತಿದೆ ಎಂದು ಸ್ಯಾಂಚೊ ಬಹಿರಂಗವಾಗಿ ಬರೆದ. ತಂಡದಿಂದ ದೂರ ಇಡಲ್ಪಟ್ಟ. ತಪ್ಪು ಯಾರದೆಂದು ತೀರ್ಪು ಕೊಡಲು ನಾನು ಆ ಅಭ್ಯಾಸದ ಮೈದಾನದಲ್ಲಿರಲಿಲ್ಲ. ಆದರೆ ಆ ದಿನಗಳ ಆಟದಲ್ಲಿ ಅವನು ಎದುರಾಳಿಯ ಮುಂದೆ ನಿಲ್ಲುವುದನ್ನೇ ಬಿಟ್ಟಿದ್ದ. ಚೆಂಡು ಬಂದ ಕೂಡಲೇ ಹಿಂದಕ್ಕೆ ಕೊಡುತ್ತಿದ್ದ. ನೋಡಲು ಸಂಕಟವಾಗುತ್ತಿತ್ತು.

2024ರ ಜನವರಿಯಲ್ಲಿ ಡಾರ್ಟ್ಮಂಡ್ ಅವನನ್ನು ಎರವಲಾಗಿ ಮರಳಿ ಕರೆಸಿಕೊಂಡಿತು. ಮೊದಲ ಪಂದ್ಯದಲ್ಲೇ, ಬದಲಿಯಾಗಿ ಬಂದವನು ಹಳೆಯ ನಾಯಕ ರಾಯಿಸ್‌ಗೆ ಗೋಲು ಒದಗಿಸಿದ. ಮೇ 1ರಂದು ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಸೆಮಿಫೈನಲ್, ಎದುರಾಳಿ ಪ್ಯಾರಿಸ್ ಸೇಂಟ್ ಜರ್ಮೈನ್ ಕ್ಲಬ್. ಬಲಬದಿಯ ಗೆರೆಯಂಚಿನಲ್ಲಿ ಪ್ಯಾರಿಸ್‌ನ ನುನೊ ಮೆಂಡೆಸ್ ಎದುರು ಸ್ಯಾಂಚೊ ಮತ್ತೆ ನಿಂತ. ಅಂಗಾಲಿನಡಿ ಚೆಂಡು. ಭುಜ ವಾಲಿತು. ಮೆಂಡೆಸ್ ಒಂದು ಕಡೆ, ಚೆಂಡು ಇನ್ನೊಂದು ಕಡೆ. ಹೀಗೆ ಒಂದೆರಡು ಸಲವಲ್ಲ, ರಾತ್ರಿಯಿಡೀ. ಹಳದಿ ಗೋಡೆ ಗುಡುಗುತ್ತಿತ್ತು. ಡಾರ್ಟ್ಮಂಡ್ ಆ ರಾತ್ರಿ 1–0ರಿಂದ ಗೆದ್ದಿತು, ಪ್ಯಾರಿಸ್‌ನಲ್ಲೂ 1–0ರಿಂದ ಗೆದ್ದು ಫೈನಲ್‌ಗೆ ನಡೆಯಿತು. ಫೈನಲ್ ನಡೆದದ್ದು ವೆಂಬ್ಲಿಯಲ್ಲಿ. ಅಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಸೋತರು. ಆದರೆ ಮೇ 1ರ ಆ ರಾತ್ರಿ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ, ಆ ಭುಜ ವಾಲುವುದನ್ನು ನಾನು ಟಿವಿಯ ಸದ್ದು ತಗ್ಗಿಸಿ ಮತ್ತೊಮ್ಮೆ ನೋಡಿದೆ.

ನಮಸ್ಕಾರ.