ರಾತ್ರಿ ಪಾಳಿಯಲ್ಲಿ ಎಷ್ಟು ಜನ?

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ಸೋದರತ್ತೆಗೆ ಎಂಬತ್ತೆರಡು ವಯಸ್ಸಾಗಿದ್ದಾಗ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಮಕ್ಕಳಿಲ್ಲ. ಮಹಡಿ ಮನೆ, ಮೆಟ್ಟಿಲು ಹತ್ತುವುದು ಆಗದು. ನಮ್ಮ ಮನೆಗೆ ಬನ್ನಿ ಅಂದರೆ ಒಪ್ಪಲಿಲ್ಲ. "ನೀನು ಆಫೀಸಿಗೆ ಹೋಗ್ತೀಯ, ನಾನು ಗೋಡೆ ನೋಡ್ಕೊಂಡು ಕೂರ್ಬೇಕಾ? ನಾಲ್ಕು ಜನ ಇರೋ ಕಡೆ ಸೇರಿಸು" ಅಂದರು. ಹಾಗೆ ಮೈಸೂರಿನಲ್ಲಿ ವೃದ್ಧಾಶ್ರಮ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಏಳು ಕಡೆ ನೋಡಿದೆ. ಏಳು ಕಡೆಗೂ ಬೆಳಿಗ್ಗೆ ಹನ್ನೊಂದು ಗಂಟೆಗೇ ಹೋದೆ. ನಾನು ಮಾಡಿದ ದೊಡ್ಡ ತಪ್ಪು ಅದೇ. ಹನ್ನೊಂದು ಗಂಟೆಗೆ ಎಲ್ಲ ಆಶ್ರಮವೂ ಚೆಂದ. ನೆಲ ಒರೆಸಿರುತ್ತದೆ. ಎಲ್ಲರಿಗೂ ಸ್ನಾನ ಆಗಿರುತ್ತದೆ. ಅಡುಗೆಮನೆಯಿಂದ ಹುಳಿಯ ಒಗ್ಗರಣೆ ಘಮ ಬರುತ್ತಿರುತ್ತದೆ. ಮ್ಯಾನೇಜರು ನಗುತ್ತಾ ಟಿವಿ ಹಾಲ್, ಭಜನೆ ಕೋಣೆ ತೋರಿಸುತ್ತಾರೆ. ನಾನು ಡೆಪಾಸಿಟ್ ಎಷ್ಟು, ತಿಂಗಳಿಗೆ ಎಷ್ಟು, ಡಾಕ್ಟರು ವಾರಕ್ಕೆ ಎಷ್ಟು ಸಲ ಬರುತ್ತಾರೆ ಅಂತೆಲ್ಲ ಕೇಳಿದೆ. ರಾತ್ರಿ ಇಲ್ಲಿ ಎಷ್ಟು ಜನ ಎಚ್ಚರ ಇರುತ್ತಾರೆ ಅಂತ ಮಾತ್ರ ಕೇಳಲಿಲ್ಲ.

ಅತ್ತೆ ಮೊದಲು ಸೇರಿದ್ದು ಹೊಸ ಕಟ್ಟಡ, ಲಿಫ್ಟ್ ಇರುವ ಜಾಗ. ತಿಂಗಳಾದ ಮೇಲೆ ಒಂದು ಭಾನುವಾರ ಹೋದೆ. ಮೊದಲು ಗುರುತೇ ಸಿಗಲಿಲ್ಲ. ಜೀವನವಿಡೀ ಸೀರೆ ಉಟ್ಟು, ತುರುಬು ಕಟ್ಟಿ, ಅದಕ್ಕೊಂದು ತುಂಡು ಮಲ್ಲಿಗೆ ಮುಡಿದವರು. ಈಗ ಮೈಮೇಲೆ ಯಾರದೋ ಹಳೇ ನೈಟಿ. ಕೂದಲು ಕಿವಿಯ ಮಟ್ಟಕ್ಕೆ ಕತ್ತರಿಸಿದ್ದಾರೆ. ಕೇಳಿದರೆ, "ಹೇನಾಗುತ್ತೆ ಮೇಡಂ, ನೋಡ್ಕೊಳ್ಳೋಕೆ ಸುಲಭ" ಅಂದರು. ಯಾರಿಗೆ ಸುಲಭ? ಅತ್ತೆಯ ಮುಂದೆ ನಾನು ಬಾಯಿ ಬಿಡಲಿಲ್ಲ. ಅವರೂ ಏನೂ ಹೇಳಲಿಲ್ಲ. "ಇಲ್ಲಿ ಚೆನ್ನಾಗಿ ನೋಡ್ಕೋತಾರೆ ಕಣೇ" ಅಂದರು. ಹಾಗನ್ನುವಾಗ ಕಣ್ಣು ಬಾಗಿಲ ಕಡೆ ಇತ್ತು. ಅದು ನನಗೆ ಹೊಳೆದದ್ದು ಆಮೇಲೆ.

ಮೂರನೇ ತಿಂಗಳಲ್ಲಿ ಮತ್ತೆ ಬಿದ್ದರು. ರಾತ್ರಿ ಒಂದೂವರೆಗೆ, ಮೂತ್ರಕ್ಕೆ ಹೋಗಲು ಎದ್ದು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಯಾಕೆ ಬಿದ್ದರು ಅಂತ ಕೂತು ವಿಚಾರಿಸಿದೆ. ಅತ್ತೆಗೆ ಬಿ.ಪಿ.ಗೆ ನೀರಿನ ಮಾತ್ರೆ ಇತ್ತು. ಮೈಯಲ್ಲಿರುವ ನೀರನ್ನು ಮೂತ್ರವಾಗಿ ಇಳಿಸುವ ಮಾತ್ರೆ ಅದು. ಸಾಮಾನ್ಯವಾಗಿ ಅದನ್ನು ಬೆಳಿಗ್ಗೆ ಕೊಡುತ್ತಾರೆ. ಅಲ್ಲಿ ಸಿಸ್ಟರ್ ಬರುತ್ತಿದ್ದದ್ದು ಸಂಜೆ ಆರಕ್ಕೆ. ಹಾಗಾಗಿ ಎಲ್ಲರ ಎಲ್ಲ ಮಾತ್ರೆಯೂ ಸಂಜೆ ಆರಕ್ಕೆ! ರಾತ್ರಿ ಮೂರು ಸಲ ಏಳಬೇಕು. ಕರೆಯಲು ಗಂಟೆ ಇಲ್ಲ. ಇಡೀ ಮಹಡಿಗೆ ಒಬ್ಬಳೇ ಆಯಾ, ಅವಳೂ ಬೆಳಿಗ್ಗೆಯಿಂದ ದುಡಿದು ಸುಸ್ತಾದವಳು. ಕರೆದರೆ ಗೊಣಗುತ್ತಾಳೆ ಅಂತ ಅತ್ತೆ ಒಂದು ಉಪಾಯ ಮಾಡಿಕೊಂಡಿದ್ದರು. ಮಧ್ಯಾಹ್ನ ನಾಲ್ಕರ ಮೇಲೆ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ.

ಇದು ಅಪಾಯದ ಉಪಾಯ. ವಯಸ್ಸಾದ ಹಾಗೆ ಬಾಯಾರಿಕೆಯೇ ಕಡಿಮೆಯಾಗುತ್ತದೆ. ಅದರ ಮೇಲೆ ಬೇಕಂತಲೇ ನೀರು ಬಿಟ್ಟರೆ ತಲೆ ಸುತ್ತುತ್ತದೆ, ಉರಿಮೂತ್ರ ಬರುತ್ತದೆ. ಮುದುಕರಲ್ಲಿ ಮೂತ್ರದ ಸೋಂಕು ಎಷ್ಟೋ ಸಲ ಜ್ವರವಾಗಿ ಕಾಣಿಸುವುದಿಲ್ಲ, ಗಲಿಬಿಲಿಯಾಗಿ ಕಾಣಿಸುತ್ತದೆ. ಆಗ "ಅಜ್ಜಿಗೆ ಅರಳುಮರಳು" ಅಂತ ಹಣೆಪಟ್ಟಿ ಕಟ್ಟಿ ಸುಮ್ನೆ ಬಿಡುತ್ತಾರೆ.

ಹಾಸಿಗೆ ಹಿಡಿದವರ ಲೆಕ್ಕ ಬೇರೆ. ಅವರನ್ನು ಹೆಚ್ಚು ಕಡಿಮೆ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಅಂಥವರು ಹತ್ತು ಜನ ಇದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬರಿಗೆ ಐದೇ ನಿಮಿಷ ಹಿಡಿದರೂ ಐವತ್ತು ನಿಮಿಷವಾಯಿತು. ಒಂದು ಗಂಟೆ ಕಳೆದರೆ ಮತ್ತೆ ಮೊದಲಿನಿಂದ ಶುರು. ನಡುವೆ ಡೈಪರ್ ಬದಲಿಸಬೇಕು, ಕರೆದವರ ಹತ್ತಿರ ಓಡಬೇಕು. ಒಬ್ಬಳು ಆಯಾ ಇದನ್ನು ಮಾಡಲು ಸಾಧ್ಯವೇ? ಆದ್ದರಿಂದ ನಾನು ಆಯಾಗಳನ್ನು ದೂರುವುದಿಲ್ಲ. ಹನ್ನೆರಡು ಗಂಟೆ ಪಾಳಿ, ಸಣ್ಣ ಸಂಬಳ. ಆರು ತಿಂಗಳಿಗೆ ಬೇರೆ ಕೆಲಸ ಸಿಕ್ಕರೆ ಹೊರಟುಬಿಡುತ್ತಾರೆ. ಅವರ ಜೊತೆಗೇ ಯಾರಿಗೆ ಕಾಫಿಗೆ ಸಕ್ಕರೆ ಬೇಡ, ಯಾರಿಗೆ ಎಡಗಿವಿ ಕೇಳಿಸದು ಎಂಬ ತಿಳಿವಳಿಕೆಯೂ ಹೊರಟುಹೋಗುತ್ತದೆ.

ಊಟದ ಹೊತ್ತನ್ನೂ ಕೇಳಿ. ಅಡುಗೆಯವರು ಮನೆಗೆ ಹೋಗಬೇಕು ಅಂತ ಅಲ್ಲಿ ಸಂಜೆ ಆರೂವರೆಗೇ ರಾತ್ರಿ ಊಟ. ತಿಂಡಿ ಬೆಳಿಗ್ಗೆ ಎಂಟೂವರೆಗೆ. ನಡುವೆ ಹದಿನಾಲ್ಕು ಗಂಟೆ ಹೊಟ್ಟೆ ಖಾಲಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬೆಳಗಿನ ಜಾವ ಸಕ್ಕರೆ ಕುಸಿದರೆ ನೋಡುವವರು ಯಾರು? ಒಂಬತ್ತು ಗಂಟೆಗೆ ಒಂದು ಲೋಟ ಹಾಲು, ಎರಡು ಬಿಸ್ಕತ್ತು ಕೊಡುವುದು ಎಷ್ಟು ಖರ್ಚಿನ ಮಾತು?

ಕಾನೂನು ಇಲ್ಲವೇ ಅಂದರೆ ಇದೆ. 2007ರ ಹಿರಿಯ ನಾಗರಿಕರ ಕಾಯಿದೆಯ 19ನೇ ಸೆಕ್ಷನ್, ಜಿಲ್ಲೆಗೆ ಕನಿಷ್ಠ ಒಂದು ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ಬಡ ಹಿರಿಯರಿಗೆ ಜಾಗ ಎನ್ನುತ್ತದೆ. ಯಾವ ಮಟ್ಟದ ಸೇವೆ ಇರಬೇಕು, ಔಷಧೋಪಚಾರ ಹೇಗೆ ಎಂದು ರಾಜ್ಯ ಸರ್ಕಾರ ಗೊತ್ತುಮಾಡಬಹುದು ಎಂದೂ ಹೇಳುತ್ತದೆ. ಮನರಂಜನೆಯ ಮಾತು ಕೂಡ ಅದರಲ್ಲಿದೆ. ಆದರೆ ಎರಡು ಕಡೆಯೂ "ಮಾಡಬಹುದು" ಎಂದಿದೆ, "ಮಾಡಲೇಬೇಕು" ಎಂದಿಲ್ಲ. ಆ ಒಂದು ಪದದ ಸಂದಿನಲ್ಲಿ ಎಲ್ಲ ಜಾರಿಹೋಗಬಹುದು, ಅಲ್ವಾ? ಇನ್ನು ಕೈಯಲ್ಲಿ ಕಾಸಿಲ್ಲದವರಿಗೆ ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಹಾಸಿಗೆ ಹಿಡಿದವರ ಡೈಪರ್ ಖರ್ಚಿಗೂ ಅದು ಸಾಲದು. ಹಿರಿಯರ ದೂರು, ಸಲಹೆಗೆ 14567 ಎಂಬ ಉಚಿತ ಸಹಾಯವಾಣಿ ಇದೆ, ಬರೆದಿಟ್ಟುಕೊಳ್ಳಿ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ರಾತ್ರಿ ಪಾಳಿ ಅಲ್ಲಿಯೂ ಇಲ್ಲ ನೋಡಿ!

ಎರಡನೇ ಸಲ ಜಾಗ ಹುಡುಕುವಾಗ ಸಂಜೆ ಏಳರ ಮೇಲೆ ಹೋದೆ. ಎರಡು ಕಡೆ ಗೇಟಿನಲ್ಲೇ ನಿಲ್ಲಿಸಿದರು. ಮೂರನೆಯದು ಹಳೇ ಹೆಂಚಿನ ಮನೆ. ಗೋಡೆಗೆ ಸುಣ್ಣ ಬಳಿದು ಎಷ್ಟು ಕಾಲವಾಗಿತ್ತೋ. "ಬನ್ನಿ, ಊಟ ನಡೀತಿದೆ, ಕೂತ್ಕೊಳ್ಳಿ" ಅಂದರು. ಇಪ್ಪತ್ತನಾಲ್ಕು ಜನಕ್ಕೆ ರಾತ್ರಿ ಇಬ್ಬರು ಆಯಾ, ಒಬ್ಬರು ಸಿಸ್ಟರ್. ಪ್ರತಿ ಮಂಚದ ಪಕ್ಕ ಹಿತ್ತಾಳೆಯ ಪೂಜೆ ಗಂಟೆ! ನನಗೆ ನಗು ಬಂತು. ಬಚ್ಚಲಿನ ಹಾದಿಯಲ್ಲಿ ಸಣ್ಣ ದೀಪ, ಗೋಡೆಗೆ ಹಿಡಿಕೆ. ಯಾರು ಎಷ್ಟು ಹೊತ್ತಿಗೆ ಎದ್ದರು ಎಂದು ಬರೆಯುವ ನೋಟ್‌ಬುಕ್ ಇತ್ತು, ಸಕ್ಕರೆ ಕಾಯಿಲೆಯವರ ಹಾಲಿನ ಪಟ್ಟಿಯೂ ಇತ್ತು. ಅಲ್ಲಿನ ಆಯಾ ಯಾರನ್ನೂ ಬರೀ "ಅಜ್ಜಿ" ಅನ್ನುತ್ತಿರಲಿಲ್ಲ. ಹೆಸರು ಹಿಡಿದು, ಕೊನೆಗೆ "ಅಮ್ಮೋರೇ" ಸೇರಿಸಿ ಕರೆಯುತ್ತಿದ್ದಳು.

ಅತ್ತೆ ಅಲ್ಲಿ ಎರಡೂವರೆ ವರ್ಷ ಇದ್ದರು. ಕೂದಲು ನಿಧಾನವಾಗಿ ಬೆಳೆಯಿತು. ಬೆರಳಿನಷ್ಟು ದಪ್ಪದ ಜಡೆ ಬಂದ ದಿನ ನನಗೆ ಫೋನ್ ಮಾಡಿಸಿ ಮಲ್ಲಿಗೆ ತರಿಸಿಕೊಂಡರು. ಮೊದಲ ಜಾಗದಲ್ಲಿ ತುಟಿ ಬಿಚ್ಚದಿದ್ದವರು ಇಲ್ಲಿ ನಾನು ಹೋದಾಗಲೆಲ್ಲ ದೂರು ಹೇಳುತ್ತಿದ್ದರು. ಹಾಲು ನೀರು, ಪಕ್ಕದ ಮಂಚದವರ ಗೊರಕೆ ಜಾಸ್ತಿ, ಟಿವಿಯಲ್ಲಿ ಬರೀ ಧಾರಾವಾಹಿ. ಕೊನೆಯ ಸಲ ನಾನು ಹೋದಾಗ ಊಟಕ್ಕೆ ಕೂತಿದ್ದರು. "ಹುಳಿಗೆ ಉಪ್ಪೇ ಇಲ್ಲ ಕಣೇ" ಅಂತ ಜೋರಾಗಿಯೇ ಅಂದರು. "ನಿಮ್ಮ ಬಿ.ಪಿ.ಗೆ ಅಷ್ಟೇ ಉಪ್ಪು ಅಮ್ಮೋರೇ" ಅಂತ ಅಡುಗೆಮನೆಯಿಂದ ಉತ್ತರ ಬಂತು. ಅತ್ತೆ ನನ್ನ ಕಡೆ ವಾಲಿ, "ನಾಳೆ ಬರೋವಾಗ ಉಪ್ಪಿನಕಾಯಿ ತಾ" ಅಂದರು.

ನಮಸ್ಕಾರ.