ಸಂಡೂರಿನ ಫೈರ್ ಲೈನ್, ನಮ್ಮ ತೋಟದ ಡ್ರಿಪ್ ಪೈಪ್

ನಮಸ್ಕಾರ ಸ್ನೇಹಿತರೇ. ಸಂಡೂರು ಗುಡ್ಡದ ರಸ್ತೆ ಇದು, ಜನವರಿ, ಬೆಳಿಗ್ಗೆ ಏಳು ಗಂಟೆ. ಪಕ್ಕದ ಕಪ್ಪು ಪಟ್ಟಿ ಕಾಣುತ್ತಿದೆ ಅಲ್ವಾ? ಯಾರೋ ಬೀಡಿ ಎಸೆದದ್ದಲ್ಲ, ಅರಣ್ಯ ಇಲಾಖೆಯವರೇ ಸುಟ್ಟಿದ್ದು. ಫೈರ್ ಲೈನ್. ಬೇಸಿಗೆಯಲ್ಲಿ ಆ ಕಡೆ ಬೆಂಕಿ ಹತ್ತಿದರೆ ಈ ಕಡೆ ದಾಟಲು ಅದಕ್ಕೆ ಹುಲ್ಲೇ ಸಿಗಬಾರದು.

ಕಾಡಿಗೆ ಬೆಂಕಿ ಅಂದರೆ ನನಗೆ ಮೊದಲು ಸಿಟ್ಟೇ ಬರುತ್ತಿತ್ತು. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದಿದ್ದನ್ನು ಟಿವಿಯಲ್ಲಿ ನೋಡಿದವರು ಹಾಗೇ ಅಂದುಕೊಳ್ಳುವುದು. ಆಮೇಲೆ ಅಮೆರಿಕದ ಆಸ್ಟಿನ್ ನಗರದ ಬಗ್ಗೆ ಓದಿದೆ. ಅಲ್ಲಿ ನಗರದ ನೀರಿನ ಇಲಾಖೆಯೇ ಬೆಂಕಿ ಹಚ್ಚುತ್ತದೆ! ಅಂತರ್ಜಲ ಉಳಿಸಲು ನಗರವೇ ಜಮೀನು ಕೊಂಡಿದೆ, 1998ರಲ್ಲಿ ಜನ ಅದಕ್ಕೆ ಮತ ಹಾಕಿ ಒಪ್ಪಿದರು. ಪೊದೆ ದಟ್ಟವಾದರೆ ಮಳೆನೀರು ಕೆಳಗೆ ಇಳಿಯುವುದು ಕಡಿಮೆ, ಹುಲ್ಲುಗಾವಲಿದ್ದರೆ ಜಾಸ್ತಿ ಅನ್ನುವುದು ಅವರ ಲೆಕ್ಕ, ಅದಕ್ಕೇ ಆ ಜಮೀನಿನ ಪೊದೆಗೆ ಬೆಂಕಿ. ಬೋರ್‌ವೆಲ್ ಬತ್ತಿದ ನಮಗೆ ಇದು ಅರ್ಥವಾಗಬೇಕು.

ಸುಮ್ನೆ ಕಡ್ಡಿ ಗೀರುವುದಿಲ್ಲ ಅವರು. ಗಾಳಿ, ಬಿಸಿಲು, ತೇವ ಎಷ್ಟಿರಬೇಕು ಅಂತ ಮೊದಲೇ ಬರೆದಿಟ್ಟಿರುತ್ತಾರೆ, ಆ ದಿನ ಹೊಂದದಿದ್ದರೆ ವಾಪಸ್. ಮೂಲೆಯಲ್ಲಿ ಸ್ವಲ್ಪ ಹಚ್ಚಿ ನೋಡುತ್ತಾರೆ. ಗಾಳಿ ಹೋಗುವ ಕಡೆಯ ಅಂಚನ್ನು ಮೊದಲು ಸುಡುತ್ತಾರೆ, ಬೆಂಕಿ ಗಾಳಿಗೆ ಎದುರಾಗಿ ನಿಧಾನಕ್ಕೆ ತೆವಳುತ್ತದೆ. ಅಕ್ಕಪಕ್ಕದವರಿಗೆ ಮೊದಲೇ ಸುದ್ದಿ.

ಈ ಸುದ್ದಿ ಕೊಡುವುದು ಇದೆಯಲ್ಲ! ಹೋದ ಮಾರ್ಚ್‌ನಲ್ಲಿ ಕುಷ್ಟಗಿ ಕಡೆಯ ನಮ್ಮ ದಾಳಿಂಬೆ ತೋಟದ ಪಕ್ಕದವರು ಮಧ್ಯಾಹ್ನ ಎರಡು ಗಂಟೆಗೆ, ಉರಿಬಿಸಿಲಲ್ಲಿ, ಒಡ್ಡಿನ ಹುಲ್ಲಿಗೆ ಬೆಂಕಿ ಕೊಟ್ಟು ಊಟಕ್ಕೆ ಹೋದರು. ಗಾಳಿ ತಿರುಗಿತು. ನಾಲ್ಕು ಬಂಡಲ್ ಡ್ರಿಪ್ ಪೈಪ್ ಕರಗಿ ನೆಲಕ್ಕೆ ಅಂಟಿತು. 18,000 ರೂಪಾಯಿ. ಅಂಚಿನ ಗಿಡಗಳು ಬೇರೆ, ಮೂರು ವರ್ಷ ಮಗುವಿನಂತೆ ಸಾಕಿದ್ದವು, ಅಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಒಂದು ಫೋನ್ ಮಾಡಿದ್ದರೆ ಪೈಪ್ ಸುತ್ತಿಡುತ್ತಿದ್ದೆವು, ಮೋಟರ್ ಹಾಕಿ ಅಂಚು ನೆನೆಸುತ್ತಿದ್ದೆವು. ಒಂದೇ ಒಂದು ಫೋನ್!

ಗೊತ್ತಿದ್ದವರು ಹಚ್ಚಿದರೆ ಭಯವಿಲ್ಲ ಅಂತಲೂ ಹೇಳಲಾರೆ. 2000ದ ಮೇ ತಿಂಗಳಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಹೀಗೇ ಯೋಜನೆ ಮಾಡಿ ಹಚ್ಚಿದ ಬೆಂಕಿ ಕೈತಪ್ಪಿ, ಲಾಸ್ ಅಲಮೋಸ್ ಊರಿನ ನೂರಾರು ಮನೆ ಸುಟ್ಟಿತು. ಆದರೂ ಮಾಡಬೇಕು ಅಂತಲೇ ನನಗೆ ಅನಿಸುತ್ತದೆ, ಎಲ್ಲ ಕಡೆ ಅಲ್ಲ, ಕಾಯುವ ಜನ ಇರುವ ಕಡೆ ಮಾತ್ರ.

ಅಯ್ಯೋ, ಶಾಟ್ ಮುಗಿಯುತ್ತಿದೆ. ಈ ಅಣ್ಣನನ್ನು ನೋಡಿ, ಹಸಿ ಸೊಪ್ಪಿನ ಟೊಂಗೆಯಿಂದ ಅಂಚು ಬಡಿಯುತ್ತಿದ್ದಾರಲ್ಲ, ಅವರು. ಉಳಿದವರು ಆಗಲೇ ಮುಂದಿನ ಪಟ್ಟಿಗೆ ಹೋದರು. ನೀವು ಬರುವುದಿಲ್ಲವಾ ಅಂದರೆ, ಆ ಕೊರಡು ಇನ್ನೂ ಹೊಗೆಯಾಡುತ್ತಿದೆ ಅಂತ ಕೈ ತೋರಿಸಿದರು.