ಮರಗಟ್ಟಿಸುವ ಸೂಜಿಯೇ ಯಾಕೆ ನೋಯಬೇಕು?

ಎಲ್ಲರಿಗೂ ನಮಸ್ಕಾರ.

ಗಾಯಕ್ಕೆ ಹೊಲಿಗೆ ಹಾಕುವ ಮುಂಚೆ, ಮರಗಟ್ಟಿಸುವ ಸೂಜಿ ಚುಚ್ಚುವಾಗ, ನಾವೆಲ್ಲ ರೋಗಿಗೆ ಹೇಳುವ ಮಾತೊಂದಿದೆ: "ಇರುವೆ ಕಚ್ಚಿದ ಹಾಗಾಗುತ್ತೆ, ಅಷ್ಟೇ." ನಾನೂ ವರ್ಷಗಟ್ಟಲೆ ಹಾಗೇ ಹೇಳಿದ್ದೇನೆ. ಒಮ್ಮೆ ನನ್ನ ಬೆರಳೇ ಕೊಯ್ದುಕೊಂಡಿತು. ಸೂಜಿ ಚುಚ್ಚಿದ್ದು ಅಷ್ಟೇನೂ ನೋಯಲಿಲ್ಲ. ಔಷಧಿ ಒಳಗಿಳಿದಾಗ ಮಾತ್ರ ಕೆಂಡ ಇಟ್ಟಂತಾಯಿತು. ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹೊಲಿಗೆ ಹಾಕಿದ್ದು ನೆನಪಿಲ್ಲ. ಆ ಉರಿ ಇನ್ನೂ ನೆನಪಿದೆ.

ಆ ಉರಿಗೆ ಕಾರಣ ಔಷಧಿಯ ಹುಳಿ. ಮರಗಟ್ಟಿಸುವ ಔಷಧಿ ಲಿಗ್ನೋಕೇನ್. ರಕ್ತನಾಳಗಳನ್ನು ಕುಗ್ಗಿಸುವ ಅಡ್ರಿನಲಿನ್ ಬೆರೆತ ಲಿಗ್ನೋಕೇನ್ ಕೆಡಬಾರದು ಅಂತ ಅದನ್ನು ಆಮ್ಲೀಯವಾಗಿಯೇ ತಯಾರಿಸುತ್ತಾರೆ. ಹುಳಿಯನ್ನು ಅಳೆಯುವ ಅಂಕಿ ಪಿಎಚ್. ಅದರ ಪಿಎಚ್ ಸುಮಾರು 4. ನಮ್ಮ ದೇಹದ್ದು 7.4. ಪಿಎಚ್ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ಅಂದರೆ ನಾವು ದೇಹಕ್ಕಿಂತ ಸಾವಿರ ಪಟ್ಟಿಗೂ ಜಾಸ್ತಿ ಹುಳಿ ಇರುವ ದ್ರವವನ್ನು ಚರ್ಮದೊಳಗೆ ತಳ್ಳುತ್ತಿದ್ದೇವೆ!

ಇದಕ್ಕೆ ಮದ್ದು ಬಹಳ ಸುಲಭ. 1% ಲಿಗ್ನೋಕೇನ್ 10 ಮಿಲಿಲೀಟರ್‌ಗೆ ಹುಳಿ ತಗ್ಗಿಸುವ 8.4% ಸೋಡಿಯಂ ಬೈಕಾರ್ಬೊನೇಟ್ 1 ಮಿಲಿಲೀಟರ್ ಬೆರೆಸಿ. ಉರಿ ಕಡಿಮೆಯಾಗುತ್ತದೆ. ಆದರೆ ಬೆರೆಸಿ ಇಟ್ಟುಕೊಳ್ಳಬೇಡಿ, ಆಗಲೇ ಬಳಸಿ. ಮರಗಟ್ಟಿಸುವ ಇನ್ನೊಂದು ಔಷಧಿ ಬುಪಿವಕೇನ್‌ಗೆ ಇದೇ ಅಳತೆಯಲ್ಲಿ ಸುಮ್ನೆ ಬೆರೆಸಲು ಹೋಗಬೇಡಿ, ಹರಳುಗಟ್ಟಿಬಿಡುತ್ತದೆ. ಔಷಧಿಯನ್ನು ಮೈಯ ಬಿಸಿಗೆ ತಂದರೂ ನೋವು ಇಳಿಯುತ್ತದೆ. ಫ್ರಿಜ್‌ನಿಂದ ತೆಗೆದದ್ದನ್ನು ಹಾಗೇ ಚುಚ್ಚಬೇಡಿ.

ಇನ್ನು ಕೈಯ ಕೆಲಸ. ನನಗೆ ಇದೇ ಮುಖ್ಯ. 30 ಗೇಜ್ ಸೂಜಿ ತೆಗೆದುಕೊಳ್ಳಿ. ಅದರ ದಪ್ಪ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕೂ ಕಡಿಮೆ. ಅದರಲ್ಲಿ ಅವಸರ ಮಾಡೋಣವೆಂದರೂ ಆಗುವುದಿಲ್ಲ, ಅದೂ ಒಳ್ಳೆಯದೇ. ಪಕ್ಕದ ಚರ್ಮವನ್ನು ಚಿವುಟಿ ಹಿಡಿದು ಸೂಜಿಯನ್ನು ನೇರವಾಗಿ ಇಳಿಸಿ. ಪೆಟ್ಟಾದ ಮೊಣಕಾಲನ್ನು ನಾವು ಉಜ್ಜಿಕೊಳ್ಳುತ್ತೇವೆ, ಅಲ್ವಾ? ಚಿವುಟುವುದು ಕೆಲಸ ಮಾಡುವುದೂ ಹಾಗೇ. ಸ್ಪರ್ಶದ ಸುದ್ದಿ ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಅಡ್ಡ ಬರುತ್ತದೆ. ನೋವಿನ ಬಗ್ಗೆ ಸಂಶೋಧನೆ ಮಾಡಿದ ಮೆಲ್ಝಾಕ್ ಮತ್ತು ವಾಲ್ 1965ರಲ್ಲಿ ಇದನ್ನೇ ಬಾಗಿಲಿಗೆ ಹೋಲಿಸಿ ವಿವರಿಸಿದರು.

ಔಷಧಿ ಚರ್ಮದ ಪದರದೊಳಗೆ ಬೇಡ, ಅದರ ಕೆಳಗೆ ಬಿಡಿ. ಚರ್ಮ ಬೊಬ್ಬೆಯಂತೆ ಬೆಳ್ಳಗೆ ಉಬ್ಬಿದರೆ ನೀವು ಮೇಲೇ ಇದ್ದೀರಿ, ಅಲ್ಲಿ ನೋವು ಜಾಸ್ತಿ. ಮೊದಲು ಅರ್ಧ ಮಿಲಿಲೀಟರ್‌ಗಿಂತ ಕಡಿಮೆ ಬಿಟ್ಟು ನಿಲ್ಲಿಸಿ. ಸೂಜಿ ಅಲುಗಬಾರದು. "ಚುಚ್ಚಿದ ನೋವು ಹೋಯ್ತಾ?" ಅಂತ ಕೇಳಿ. ಹೋಯ್ತು ಅಂದಮೇಲೆ ನಿಧಾನವಾಗಿ ಮುಂದುವರಿಸಿ. ಔಷಧಿ ಯಾವಾಗಲೂ ಸೂಜಿಯ ತುದಿಗಿಂತ ಮುಂದಿರಲಿ. ಮತ್ತೆ ಚುಚ್ಚಬೇಕಾದರೆ ಆಗಲೇ ಮರಗಟ್ಟಿದ ಜಾಗದಿಂದಲೇ ಚುಚ್ಚಿ. ಗಾಯ ಶುದ್ಧವಾಗಿದ್ದರೆ ಅದರ ಒಳಅಂಚಿನಿಂದ ಹೋಗಿ, ಗಟ್ಟಿ ಚರ್ಮವನ್ನು ಚುಚ್ಚುವ ಅಗತ್ಯವೇ ಬರುವುದಿಲ್ಲ.

ಮಕ್ಕಳಿಗೆ, ಕಾಯಲು ಸಮಯವಿದ್ದರೆ, ಗಾಯವಿಲ್ಲದ ಚರ್ಮದ ಮೇಲೆ ಮರಗಟ್ಟಿಸುವ ಲಿಗ್ನೋಕೇನ್-ಪ್ರಿಲೋಕೇನ್ ಕ್ರೀಮ್ ಹಚ್ಚಿ ಒಂದು ಗಂಟೆ ಮುಚ್ಚಿಡಿ.

ನಾನು ಈಗ ಪ್ರತಿ ರೋಗಿಗೂ ಒಂದು ಮಾತು ಹೇಳುತ್ತೇನೆ: "ನೋವಾದಾಗಲೆಲ್ಲ ಹೇಳಿ, ನಾನು ಎಣಿಸುತ್ತೇನೆ." ಮೊದಲ ಚುಚ್ಚು ಒಂದು. ಎರಡು ಅಂದರೆ ನಾನು ಅವಸರ ಮಾಡಿದೆ ಅಂತ. ನಾಳೆ ನಿಮ್ಮ ಮೊದಲ ರೋಗಿಯಿಂದಲೇ ಎಣಿಸಲು ಶುರುಮಾಡಿ. ಈಗ ಮೇಜಿನ ಮೇಲಿರುವ ಸಿರಿಂಜ್ ಕೈಗೆ ತೆಗೆದುಕೊಳ್ಳಿ, ಒಂದು ಮಿಲಿಲೀಟರ್ ನೀರನ್ನು ಪೂರ್ತಿ ಒಂದು ನಿಮಿಷ ಹಿಡಿದು ತಳ್ಳಿ ನೋಡೋಣ.